ಸಂಜ್ಞಾ ಭಾಷೆ ಕಲಿಸುವ ಆಸೆ: ಮದ್ದೂರಿನಿಂದ ಎಲ್ಲಿ ಶುರು ಮಾಡಲಿ?

ಮದ್ದೂರು ಓದುಗಿ:
ಬಿಎ ಮುಗಿದಿದೆ. ನನಗೆ ಕಿವಿ ಕೇಳುತ್ತದೆ, ಮನೆಯಲ್ಲಿ ಕಿವುಡರು ಯಾರೂ ಇಲ್ಲ. ಯೂಟ್ಯೂಬ್ ನೋಡಿ ಎ ಇಂದ ಝಡ್‌ವರೆಗೆ ಒಂದೇ ಕೈಯಲ್ಲಿ ತೋರಿಸುವುದು ಕಲಿತಿದ್ದೇನೆ. ಸಂಜ್ಞಾ ಭಾಷೆಯ ಶಿಕ್ಷಕಿಯಾಗಲು ಯಾವ ಕೋರ್ಸ್ ಮಾಡಬೇಕು? ಮೈಸೂರಿನ ಕಿವುಡರ ಪರಿಚಯ ಮಾಡಿಕೊಳ್ಳುವುದು ಹೇಗೆ? ವಾರಕ್ಕೆ ಎರಡು ದಿನ ಬಂದು ಹೋಗಬಲ್ಲೆ.

ಸರಸ್ವತಿಪುರಂ:
ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಸಂಜ್ಞಾ ಭಾಷೆ ಕಲಿಸುವವರಿಗೆಂದೇ ಇರುವ ಎರಡು ವರ್ಷದ ಡಿಪ್ಲೊಮಾ, ಅಂದರೆ ಡಿಟಿಐಎಸ್‌ಎಲ್, ಕಿವುಡ ಅಭ್ಯರ್ಥಿಗಳಿಗೆ ಮಾತ್ರ. ಅದು ಸರಿಯಾದ ನಿಯಮ ಎಂದೇ ನನ್ನ ಅಭಿಪ್ರಾಯ. ಭಾಷೆ ಅವರದು, ಅದನ್ನು ಕಲಿಸುವ ಕೆಲಸವೂ ಮೊದಲು ಅವರಿಗೇ ಸಿಗಬೇಕು.

ನಿಮಗಿರುವ ದಾರಿ ಎರಡು. ಒಂದು ಡಿಐಎಸ್‌ಎಲ್‌ಐ, ದುಭಾಷಿಗಳ ಡಿಪ್ಲೊಮಾ. ಇದೂ ಎರಡು ವರ್ಷ, ಪಿಯುಸಿ ಆಗಿದ್ದರೆ ಅರ್ಜಿ ಹಾಕಬಹುದು. 2015ರಲ್ಲಿ ಶುರುವಾದ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದಲ್ಲಿ, ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ನಡೆಯುತ್ತದೆ. ಇನ್ನೊಂದು, ಕಿವುಡ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಣದ ಬಿಎಡ್. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಆಯಿಷ್‌ನ ಪ್ರವೇಶ ಪ್ರಕಟಣೆ ನೋಡುತ್ತಿರಿ. ಎಲ್ಲೇ ಸೇರಿದರೂ ದುಡ್ಡು ಕಟ್ಟುವ ಮೊದಲು ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಇದೆಯೇ ಎಂದು ನೋಡಿ. ಮೂರು ತಿಂಗಳ ಖಾಸಗಿ ಸರ್ಟಿಫಿಕೇಟಿನಿಂದ ಆರ್‌ಸಿಐ ನೋಂದಣಿ ಸಿಗುವುದಿಲ್ಲ.

ಹುಬ್ಬು_ಮಾತಾಡುತ್ತೆ:
ಒಂದೇ ಕೈಯ ಅಕ್ಷರಗಳು ಅಮೆರಿಕದವು. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈ ಬಳಸಿ ತೋರಿಸುತ್ತಾರೆ. ಎಡಗೈ ಬೆರಳ ತುದಿಗಳನ್ನು ಬಲಗೈ ತೋರುಬೆರಳಿಂದ ಮುಟ್ಟಿ: ಹೆಬ್ಬೆರಳು ಎ, ತೋರುಬೆರಳು ಇ, ನಡುಬೆರಳು ಐ, ಉಂಗುರಬೆರಳು ಓ, ಕಿರುಬೆರಳು ಯು. ಎಡಚರು ಕೈ ಬದಲಿಸಿಕೊಳ್ಳಬಹುದು. ಆದರೆ ಅಕ್ಷರ ಬೇಕಾಗುವುದು ಹೆಸರು, ಊರು, ಸಂಜ್ಞೆ ಗೊತ್ತಿಲ್ಲದ ಪದಗಳಿಗೆ ಅಷ್ಟೇ. ಎಲ್ಲವನ್ನೂ ಅಕ್ಷರ ಜೋಡಿಸಿ ಹೇಳಿದರೆ ಅದು ಗಾಳಿಯಲ್ಲಿ ಬರೆದ ಇಂಗ್ಲಿಷ್.

ಕನ್ನಡದವರಿಗೆ ಒಂದು ಅನುಕೂಲವಿದೆ. ಕ್ರಿಯಾಪದ ಕೊನೆಗೆ, 'ಇಲ್ಲ', 'ಬೇಡ' ಅದರ ನಂತರ. ಸಂಜ್ಞಾ ಭಾಷೆಯಲ್ಲೂ ಹಾಗೇ. 'ನಿನ್ನ ಹೆಸರು ಏನು' ಪದಕ್ಕೆ ಪದ ಕೂರುತ್ತದೆ. ಎಡವುವುದು 'ನೀನು ಎಲ್ಲಿ ಕೆಲಸ ಮಾಡ್ತೀಯ' ಎನ್ನುವಾಗ. ಇಲ್ಲಿ 'ಎಲ್ಲಿ' ಕೊನೆಗೆ ಹೋಗಬೇಕು: ನೀನು–ಕೆಲಸ–ಎಲ್ಲಿ.

ಮುಖವನ್ನು ಮರೆತರೆ ಅರ್ಥವೇ ಕೆಡುತ್ತದೆ. 'ಊಟ–ಮುಗಿದಿದೆ' ಎಂದು ತೋರಿಸಿ ಸುಮ್ಮನಿದ್ದರೆ 'ಊಟ ಆಯ್ತು'. ಹುಬ್ಬೇರಿಸಿ ತಲೆ ಸ್ವಲ್ಪ ಮುಂದೆ ತಂದರೆ 'ಊಟ ಆಯ್ತಾ?' ಕನ್ನಡದ ಆ 'ಆ' ಇಲ್ಲಿ ಹುಬ್ಬಿನಲ್ಲಿದೆ. ಹಾಗೆಯೇ 'ಕೊಡು' ಎನ್ನುವ ಕೈ ಕೊಡುವವರ ಕಡೆಯಿಂದ ಪಡೆಯುವವರ ಕಡೆಗೆ ಸಾಗಬೇಕು. ಉಲ್ಟಾ ಹೋದರೆ ಕೊಟ್ಟವರೇ ಬದಲಾಗುತ್ತಾರೆ.

ದೆಹಲಿಯ ಆ ತರಬೇತಿ ಕೇಂದ್ರದ ಸಂಜ್ಞಾ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಾಗಿದ್ದವು. ವಿಡಿಯೊಗಳು ಯೂಟ್ಯೂಬಿನಲ್ಲಿ ಉಚಿತ. ದಿನಕ್ಕೆ ಹತ್ತು ಪದ ಸಾಕು, ಆದರೆ ಪ್ರತಿಯೊಂದನ್ನೂ ವಾಕ್ಯದಲ್ಲಿ ಬಳಸಿ, ಮೊಬೈಲಿನಲ್ಲಿ ನಿಮ್ಮನ್ನೇ ರೆಕಾರ್ಡ್ ಮಾಡಿಕೊಂಡು ಹೋಲಿಸಿ. ಸಂಜ್ಞೆಗಳು ಊರಿಂದೂರಿಗೆ ಬದಲಾಗುತ್ತವೆ. ನಿಘಂಟಿನಲ್ಲಿಲ್ಲದ್ದನ್ನು ಮೈಸೂರಿನವರು ತೋರಿಸಿದರೆ 'ಅದು ತಪ್ಪು' ಅನ್ನಬೇಡಿ, ಎರಡನ್ನೂ ಕಲಿಯಿರಿ.

ಮದ್ದೂರು ಓದುಗಿ:
ಧನ್ಯವಾದ. ಬೇಸಿಗೆ ರಜೆಯಲ್ಲಿ ಊರಲ್ಲಿ ಮಕ್ಕಳಿಗೆ ಸಣ್ಣ ಶಿಬಿರ ಮಾಡಬಹುದೇ? ಸಮುದಾಯದ ವಿಷಯವನ್ನೂ ಹೇಳಿ.

ತಿಲಕ್‌ನಗರ_ಬಸ್‌ಸ್ಟಾಪ್:
ಮಾಡಿ, ಆದರೆ ಕಲಿಸುವವರು ಕಿವುಡರಾಗಿರಲಿ. ನೀವು ಜೊತೆಗಿದ್ದು ಜಾಗ, ಪೋಷಕರ ಮಾತುಕತೆ, ಲೆಕ್ಕಪತ್ರ ನೋಡಿಕೊಳ್ಳಿ. ಅವರಿಗೆ ಗೌರವಧನ, ಬಸ್ ಚಾರ್ಜು ಎರಡನ್ನೂ ಮೊದಲೇ ಮಾತಾಡಿ ಕೊಡಿ. 'ಸೇವೆ' ಎಂದು ಪುಕ್ಕಟೆ ಕರೆಸುವುದು ಅವಮಾನ.

ಹತ್ತು ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬೇಡ. ಸಾಲು ಬೆಂಚು ತೆಗೆದು ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಇಲ್ಲದಿದ್ದರೆ ಹಿಂದಿನವರಿಗೆ ಕೈ ಕಾಣದೆ ಅವರು ಪಕ್ಕದವರನ್ನು ನಕಲು ಮಾಡುತ್ತಾರೆ. ಕಲಿಸುವವರ ಬೆನ್ನ ಹಿಂದೆ ಕಿಟಕಿ ಇರಕೂಡದು, ಬೆಳಕಿಗೆ ಮುಖ ಕಪ್ಪಾಗುತ್ತದೆ. ಬಟ್ಟೆ ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದಿರಲಿ. ತರಗತಿಯಲ್ಲಿ ಬಾಯಿಮಾತು ಬಂದ್. ಮಾತಾಡುತ್ತಾ ಸಂಜ್ಞೆ ಮಾಡಿದರೆ ಕೈ ಕನ್ನಡದ ಹಿಂದೆ ಓಡಿ ವ್ಯಾಕರಣ ಹೋಗುತ್ತದೆ.

ಪರಿಚಯಕ್ಕೆ ಸೆಪ್ಟೆಂಬರ್ ಒಳ್ಳೆಯ ಕಾಲ. 23ನೇ ತಾರೀಖು ಸಂಜ್ಞಾ ಭಾಷೆಗಳ ದಿನ, ಆ ತಿಂಗಳ ಕೊನೆಯ ಭಾನುವಾರಕ್ಕೆ ಮುಗಿಯುವ ವಾರ ಕಿವುಡರ ವಾರ. ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್, ತಿಲಕ್‌ನಗರದ ಕಿವುಡ ಮಕ್ಕಳ ಸರ್ಕಾರಿ ಶಾಲೆ ಇಂಥ ಕಡೆ ಮೊದಲು ಮುಖ್ಯಸ್ಥರಿಗೆ ಪತ್ರ ಕೊಡಿ, ಒಪ್ಪಿಗೆ ಸಿಗದೆ ಮಕ್ಕಳ ವಿಡಿಯೊ ತೆಗೆಯಬೇಡಿ. ದೊಡ್ಡವರ ಗುಂಪಿಗೆ ಕರೆದರೆ ಮೊದಲ ಕೆಲವು ಸಲ ನೋಡುವುದೇ ಕೆಲಸ. ಗಮನ ಸೆಳೆಯಲು ಭುಜ ಮೆಲ್ಲಗೆ ತಟ್ಟಿ ಅಥವಾ ದೂರದಿಂದ ಕೈ ಬೀಸಿ. ಅರ್ಥವಾಗದಿದ್ದಾಗ ತಲೆಯಾಡಿಸಬೇಡಿ, 'ಮತ್ತೊಮ್ಮೆ' ಎನ್ನಿ. 'ಮೂಗ' ಎಂಬ ಪದ ಬೇಡವೇ ಬೇಡ. ನಿಮಗೊಂದು ಸಂಜ್ಞಾ ಹೆಸರನ್ನು ನೀವೇ ಇಟ್ಟುಕೊಳ್ಳಬೇಡಿ, ಅದನ್ನು ಅವರು ಕೊಡುತ್ತಾರೆ. ಅಲ್ಲಿಯವರೆಗೆ ನಿಮ್ಮ ಹೆಸರನ್ನು ಅಕ್ಷರ ಜೋಡಿಸಿ ಹೇಳಿ, ಎರಡೂ ಕೈಯಲ್ಲಿ.