ಬಾಗಿದ ಉದ್ದ ಕೊಕ್ಕು, ಹಳದಿ ಹೊಟ್ಟೆ: ಸ್ಪೈಡರ್‌ಹಂಟರ್ರಾ, ಲೋಟನ್ ಸೂರಕ್ಕಿಯ ಹೆಣ್ಣಾ?

ಮಲೆಮೂಲೆ:
ಜಾಗ ಪಶ್ಚಿಮ ಘಟ್ಟ, ನಿತ್ಯಹರಿದ್ವರ್ಣ ಕಾಡಿನ ಅಂಚು. ಬಾಳೆ ಮೂತಿಗೆ ತಲೆಕೆಳಗಾಗಿ ಜೋತುಬಿದ್ದ ಹಕ್ಕಿ. ಬೆನ್ನು ಹಸಿರುಗಂದು, ಹೊಟ್ಟೆ ಹಳದಿ, ಕೊಕ್ಕು ಕೆಳಕ್ಕೆ ಬಾಗಿದೆ. ಫೋಟೊ ಎಲ್ಲ ಕೆಳಗಿನಿಂದ ತೆಗೆದದ್ದು. ಕೊಕ್ಕಿನ ಬಾಗು ನೋಡಿ ಸ್ಪೈಡರ್‌ಹಂಟರ್ (ಸೂರಕ್ಕಿ ಬಳಗದ, ಜೇಡ ತಿನ್ನುವ ಹಕ್ಕಿ) ಮತ್ತು ಲೋಟನ್ ಸೂರಕ್ಕಿಯ (ಮಕರಂದ ಹೀರುವ ಪುಟ್ಟ ಹಕ್ಕಿ) ಹೆಣ್ಣನ್ನು ಬೇರೆ ಮಾಡಲು ಆಗುತ್ತದೆಯೇ? ಗೂಡು ಎಲ್ಲಿರುತ್ತದೆ ಅಂತಲೂ ತಿಳಿಸಿ.

ಕೊಕ್ಕುಪ್ರಿಯ:
ಬಾಗನ್ನು ನಂಬಬೇಡಿ. ಹಕ್ಕಿ ಚೂರು ನಿಮ್ಮ ಕಡೆ ತಿರುಗಿದ್ದರೂ ಕೊಕ್ಕು ಗಿಡ್ಡವಾಗಿ, ನೇರವಾಗಿ ಕಾಣುತ್ತದೆ. ಅದೂ ಅಲ್ಲದೆ ಲೋಟನ್ ಕೊಕ್ಕೂ ಚೆನ್ನಾಗಿಯೇ ಬಾಗಿರುತ್ತದೆ, ಆದರೆ ತೆಳು. ಸ್ಪೈಡರ್‌ಹಂಟರ್ ಕೊಕ್ಕು ಬುಡದಲ್ಲಿ ದಪ್ಪ, ತಲೆಗೆ ಹೋಲಿಸಿದರೆ ಅತಿಯಾಯಿತು ಅನ್ನಿಸುವಷ್ಟು ಉದ್ದ.

ನಿರ್ಧಾರ ಗಂಟಲಿನಲ್ಲಿದೆ. ಘಟ್ಟದಲ್ಲಿರುವ ಪುಟ್ಟ ಸ್ಪೈಡರ್‌ಹಂಟರ್‌ಗೆ ಗಂಟಲು ಬೂದುಬಿಳಿ, ಹಳದಿ ಶುರುವಾಗುವುದು ಎದೆಯಿಂದ ಕೆಳಗೆ. ಕಣ್ಣಿನ ಮೇಲೆ ಕೆಳಗೆ ತುಂಡಾದ ಬಿಳಿ ಗುರುತು, ಕೊಕ್ಕಿನ ಬುಡದಿಂದ ಕೆಳಗೆ ಮಸುಕು ಮೀಸೆಗೆರೆ. ಲೋಟನ್ ಹೆಣ್ಣಿಗೆ ಗಂಟಲಿನಿಂದಲೇ ತಿಳಿಹಳದಿ, ಈ ಮುಖದ ಗುರುತುಗಳಿಲ್ಲ. ಸ್ಪೈಡರ್‌ಹಂಟರ್‌ಗಳಲ್ಲಿ ಗಂಡಿಗೂ ಸೂರಕ್ಕಿಯ ಲೋಹದ ಹೊಳಪು ಇರುವುದಿಲ್ಲ. ಹಾಗಾಗಿ ಜೊತೆಯಲ್ಲಿ ಮಿರಮಿರ ಮಿಂಚುವ ಗಂಡಿದ್ದರೆ ಅನುಮಾನ ಅಲ್ಲಿಗೇ ಮುಗಿಯಿತು.

ಹಸಿರುನೆರಳು:
ಒಂದು ಎಚ್ಚರಿಕೆ. ಎಲೆಗಳ ಕೆಳಗಿನ ಬೆಳಕಿನಲ್ಲಿ ಬಿಳಿ ಗಂಟಲಿಗೂ ಹಸಿರುಹಳದಿ ಛಾಯೆ ಬರುತ್ತದೆ. ಜೊತೆಗೆ ಹೂವಿಗೆ ಮುಖ ತೂರಿಸಿದ ಹಕ್ಕಿಗೆ ಪರಾಗ ಮೆತ್ತಿರುತ್ತದೆ. ಫೋಟೊದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಿಕೆ) ಸರಿಪಡಿಸಿ ಆಮೇಲೆ ತೀರ್ಮಾನಿಸಿ.

ಮತ್ತೆ ಸಿಗಬೇಕೆಂದರೆ ಹಕ್ಕಿಯ ಹಿಂದೆ ಓಡಬೇಡಿ, ಮೂತಿಯ ಹತ್ತಿರ ಕಾಯಿರಿ. ಒಂದು ಹೂವಿನಿಂದ ಇನ್ನೊಂದಕ್ಕೆ ಸುತ್ತು ಹೊಡೆದು ಮರಳಿ ಬರುವ ಅಭ್ಯಾಸ ಇದಕ್ಕಿದೆ. ಆಗಷ್ಟೇ ಮೇಲೆದ್ದ ಕೆಂಪು ಪೊರೆಯ ಕೆಳಗಿನ ಹೂಸಾಲಿನಲ್ಲಿ ಮಕರಂದ ಇರುತ್ತದೆ, ಅಲ್ಲಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಗಡುಸಾದ 'ಚಿಕ್, ಚಿಕ್' ಕೂಗು ಮೊದಲು ಬರುತ್ತದೆ, ಹಿಂದೆಯೇ ಬಾಣದಂತೆ ಹಕ್ಕಿ. ಶಟರ್ ವೇಗ 1/1000 ಸೆಕೆಂಡಿನ ಆಸುಪಾಸು ಇರಲಿ. ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಕಾಳುಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು.

ಎಲೆಯಡಿ:
ಸ್ಪೈಡರ್‌ಹಂಟರ್ ಗೂಡು ಬಾಳೆಯಂಥ ಅಗಲ ಎಲೆಯ ಅಡಿಗೆ ಅಂಟಿಕೊಂಡಿರುತ್ತದೆ, ಎಲೆಯೇ ಅದಕ್ಕೆ ಚಾವಣಿ. ನಾರು, ಒಣಗಿದ ಎಲೆಯ ಜಾಲರಿ ಸೇರಿಸಿ ಬಟ್ಟಲು ಮಾಡಿ, ಅದರ ಅಂಚನ್ನು ಜೇಡನ ನೂಲಿನಿಂದ ಎಲೆಗೆ ಹೊಲಿಯುತ್ತದೆ. ನೂಲು ಎಲೆ ತೂರಿ ಮೇಲೆ ಬಂದಲ್ಲಿ ಪುಟ್ಟ ಗಂಟುಗಳು ಉಳಿಯುತ್ತವೆ. ಎಲೆಯ ಮೇಲ್ಮೈಯಲ್ಲಿ ಬಿಳಿ ಚುಕ್ಕಿಗಳ ಸಾಲು ಕಂಡರೆ ಕೆಳಗೆ ಗೂಡಿರಬಹುದು. ಜೇಡ ಇದಕ್ಕೆ ಊಟವೂ ಹೌದು, ಹೊಲಿಗೆ ದಾರದ ಅಂಗಡಿಯೂ ಹೌದು!

ಮಲೆಮೂಲೆ:
ಗಂಟಲು ಬಿಳಿಯೇ, ಕಣ್ಣಿನ ಗುರುತೂ ಇದೆ. ಸ್ಪೈಡರ್‌ಹಂಟರ್ ಅಂತ ಬರೆದುಕೊಂಡೆ. ಚುಕ್ಕಿ ಕಂಡರೆ ಎಲೆ ಸ್ವಲ್ಪ ಎತ್ತಿ ನೋಡಬಹುದಾ?

ಎಲೆಯಡಿ:
ಬೇಡವೇ ಬೇಡ. ಇಡೀ ಗೂಡಿನ ಭಾರ ಆ ಹೊಲಿಗೆಗಳ ಮೇಲಿದೆ. ಎಲೆ ಮಗುಚಿದರೆ ಗಂಟಿರುವಲ್ಲೇ ಸೀಳುತ್ತದೆ, ಗೂಡು ವಾಲಿ ಮೊಟ್ಟೆ ಉರುಳುತ್ತದೆ. ದೂರದಿಂದ ದುರ್ಬೀನು ಹಿಡಿದು ಎಲೆಯ ಅಂಚಿನತ್ತ ನೋಡಿ. ಗಂಡು ಹೆಣ್ಣು ಎರಡೂ ಕಾವು ಕೂರುವುದರಿಂದ ಓಡಾಟ ಕಂಡೇ ಕಾಣುತ್ತದೆ.