ಬೆಂಗಳೂರಿನ ಹೆಂಗಸರು ದುಡಿಯಲು ಹೊರಟದ್ದು ಯಾವಾಗಿನಿಂದ? ನಿಮ್ಮ ಮನೆಯ ನೆನಪು ಹೇಳಿ

ಕಾಟನ್‌ಪೇಟೆ ಮೊಮ್ಮಗಳು:
ಮಗಳಿಗೆ ಶಾಲೆಯಲ್ಲಿ ‘ನಮ್ಮ ನಗರದ ದುಡಿಯುವ ಮಹಿಳೆಯರು’ ಎಂದು ಪ್ರಬಂಧ ಕೊಟ್ಟಿದ್ದಾರೆ. ಅವಳು ಬರೆದ ಮೊದಲ ಸಾಲು: ‘ಐಟಿ ಕಂಪನಿಗಳು ಬಂದ ಮೇಲೆ ಬೆಂಗಳೂರಿನ ಮಹಿಳೆಯರು ಕೆಲಸಕ್ಕೆ ಹೋಗಲು ಆರಂಭಿಸಿದರು.’ ಓದಿ ಸಂಕಟವಾಯಿತು. ಅವಳ ತಪ್ಪಲ್ಲ, ಮನೆಯಲ್ಲಿ ನಾವು ಹೇಳಿಯೇ ಇಲ್ಲ.

ಈ ಊರಿಗೆ ದೊಡ್ಡ ಬಟ್ಟೆ ಗಿರಣಿಗಳು ಬಂದದ್ದು 1880ರ ದಶಕದಲ್ಲಿ. ನನ್ನ ಅಜ್ಜಿ ಅಂಥದೊಂದು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದರು. ನೂಲು ಉಜ್ಜಿ ಉಜ್ಜಿ ಅವರ ತೋರುಬೆರಳಿನ ಪಕ್ಕದಲ್ಲಿ ಒಂದು ಗೀರು ಬಿದ್ದಿತ್ತು. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ, ಮಲ್ಲಿಗೆ ಕಟ್ಟಲು ಕೂತರೆ ದಾರ ತಾನಾಗಿ ಆ ಗೀರಿನೊಳಗೆ ಹೋಗಿ ಕೂರುತ್ತಿತ್ತು. ಅಜ್ಜಿ ಗಿರಣಿಗೆ ಹೋದಾಗ ಅಮ್ಮನನ್ನು ನೋಡಿಕೊಂಡವರು ಪಕ್ಕದ ಮನೆಯ ಹೂವಿನ ಅಜ್ಜಿಯಂತೆ. ಅವರ ಹೆಸರು ಅಮ್ಮನಿಗೂ ನೆನಪಿಲ್ಲ.

ನಿಮ್ಮ ಅಮ್ಮಂದಿರು, ಅಜ್ಜಿಯಂದಿರು ಎಲ್ಲಿ ದುಡಿದರು? ಆಗ ಮಕ್ಕಳನ್ನು ಯಾರು ನೋಡಿಕೊಂಡರು? ದಯವಿಟ್ಟು ಬರೆಯಿರಿ, ಮಗಳಿಗೆ ಓದಿ ಹೇಳುತ್ತೇನೆ.

ಜಾಲಹಳ್ಳಿಯ ನಿವೃತ್ತೆ:
ಅಮ್ಮನ ವಿಷಯವೇಕೆ, ನನ್ನದೇ ಹೇಳುತ್ತೇನೆ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾಯಿತು. ನಾನು ಸೇರಿದ್ದು 1974ರಲ್ಲಿ, ಜೋಡಣೆ ವಿಭಾಗಕ್ಕೆ. ತಲೆಗೆ ಟೋಪಿ, ಕಣ್ಣಿಗೆ ಮಸೂರ, ಕೈಯಲ್ಲಿ ಚಿಮಟ. ಹೇರ್‌ಸ್ಪ್ರಿಂಗ್, ಅಂದರೆ ಗಡಿಯಾರದೊಳಗಿನ ಸುರುಳಿ ತಂತಿ, ಕೂದಲಿಗಿಂತ ನವಿರು, ಉಸಿರು ಜೋರಾಗಿ ಬಿಟ್ಟರೂ ಅಲುಗುತ್ತದೆ. ಮೊದಲ ತಿಂಗಳು ಕನಸಿನಲ್ಲೂ ಅದನ್ನೇ ಹುಡುಕುತ್ತಿದ್ದೆ. ಕೈ ಕುದುರಿದ ಮೇಲೆ, ಸತ್ತಂತೆ ಬಿದ್ದಿದ್ದ ಚಕ್ರ ಕಣ್ಣೆದುರಿಗೇ ಓಡಲು ತೊಡಗಿದಾಗ ಆಗುತ್ತಿದ್ದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ. ಆ ಕಾಲದ ಎಷ್ಟೋ ಅಳಿಯಂದಿರ ಮಣಿಕಟ್ಟಿನಲ್ಲಿ ಇದ್ದದ್ದು ನಮ್ಮಂಥ ಹೆಣ್ಣುಮಕ್ಕಳ ಕೈಕೆಲಸ.

‘ಹೆಂಗಸರ ಬೆರಳು ಸೂಕ್ಷ್ಮ, ಅದಕ್ಕೇ ಈ ಕೆಲಸ’ ಎನ್ನುತ್ತಿದ್ದರು. ನಾನು ಒಪ್ಪುವುದಿಲ್ಲ. ಬೆರಳು ಹುಟ್ಟಿನಿಂದ ಸೂಕ್ಷ್ಮವಾಗಿರಲಿಲ್ಲ, ತಿಂಗಳುಗಟ್ಟಲೆ ಕೂತು ಕಲಿತದ್ದು. ಅದು ವಿದ್ಯೆ.

ಮಕ್ಕಳ ವಿಷಯ: 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು, 1976ರ ತಿದ್ದುಪಡಿಯ ನಂತರ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಇರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕಿತ್ತು. ರಾತ್ರಿ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರಿಗೆ ಕೆಲಸ ಕೊಡುವಂತಿಲ್ಲ ಎಂದೂ ಅದರಲ್ಲೇ ಇತ್ತು. ನನ್ನ ಮಗನನ್ನು ಮಾತ್ರ ಅತ್ತೆಯೇ ಸಾಕಿದರು.

ಶ್ರೀರಾಮಪುರ:
ನಮ್ಮಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು, ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಅಂಗೈ ಯಾವಾಗಲೂ ಕಪ್ಪು. ಜನಗಣತಿಯವರು ಬಂದು ಕೇಳಿದಾಗ ಅಪ್ಪ ‘ಅವಳು ಮನೆಯಲ್ಲೇ ಇರುತ್ತಾಳೆ’ ಎಂದರು. ಅಮ್ಮ ಹೊಸೆಯುತ್ತಲೇ ಇದ್ದರು. ದಯವಿಟ್ಟು ಇಂಥವರನ್ನೂ ಪ್ರಬಂಧದಲ್ಲಿ ಸೇರಿಸಿ.

ಬೊಮ್ಮನಹಳ್ಳಿ ಟೈಲರ್:
ನಾನು ಗಾರ್ಮೆಂಟ್ಸ್‌ನವಳು. ಹದಿನೈದು ವರ್ಷ ಕಾಲರ್ ಹೊಲಿದಿದ್ದೇನೆ. ಇಡೀ ಅಂಗಿ ಹೊಲಿಯುವುದಲ್ಲ, ಕಾಲರ್ ಮಾತ್ರ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತಿದ್ದರು. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆ ಎಂದು ನಾವು ನೀರನ್ನೇ ಕಡಿಮೆ ಮಾಡುತ್ತಿದ್ದೆವು. ಯಾವ ಫ್ಯಾಕ್ಟರಿ ಎಂದು ಹೇಳುವುದಿಲ್ಲ.

2016ರ ಏಪ್ರಿಲ್ ಅನ್ನು ಮಾತ್ರ ಮರೆಯಬೇಡಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ನಮ್ಮಂಥವರಿಗೆ ಪಿಎಫ್ ಎಂದರೆ ಮುಪ್ಪಿನ ದುಡ್ಡಲ್ಲ. ಕೆಲಸ ಬಿಟ್ಟಾಗ ಅದನ್ನು ತೆಗೆದು ಸಾಲ ತೀರಿಸುತ್ತೇವೆ, ಭೋಗ್ಯಕ್ಕೆ ಮನೆ ಹಿಡಿಯುತ್ತೇವೆ. ಐವತ್ತೆಂಟರವರೆಗೆ ಆ ಮೆಷಿನ್ನಿನ ಮುಂದೆ ಯಾರ ಸೊಂಟ ತಡೆಯುತ್ತದೆ?

18ನೇ ತಾರೀಖು ಹೊಸೂರು ರಸ್ತೆಗೆ ಇಳಿದೆವು. ಯಾವ ನಾಯಕರೂ ಕರೆದಿರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಬಂದದ್ದನ್ನು ನೋಡಿ ಇನ್ನೊಂದರವರು ಬಂದರು. ಊಟದ ಡಬ್ಬಿಯ ಚೀಲ ಹೆಗಲಲ್ಲೇ ಇತ್ತು. ಮರುದಿನವೂ ಇಳಿದೆವು. ಲಾಠಿ ಏಟು ಬಿತ್ತು, ಕಲ್ಲು ತೂರಾಟವೂ ಆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಅದು ನನಗೆ ಇವತ್ತಿಗೂ ನೋವು. ಅದೇ 19ರಂದು ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಬರೀ ನಮಗಲ್ಲ, ದೇಶದಲ್ಲಿ ಪಿಎಫ್ ಇರುವ ಎಲ್ಲರಿಗೂ. ನಿಮ್ಮ ಮಗಳು ಇದನ್ನು ಬರೆಯಲಿ.

ಕಾಟನ್‌ಪೇಟೆ ಮೊಮ್ಮಗಳು:
ಎಲ್ಲರಿಗೂ ಕೈಮುಗಿದೆ. ರಾತ್ರಿ ಕೂತು ಎಲ್ಲವನ್ನೂ ಓದಿ ಹೇಳಿದೆ. ಮೊದಲ ಸಾಲನ್ನು ಅವಳೇ ಅಳಿಸಿದಳು, ಪ್ರಬಂಧ ಈಗ ಅಜ್ಜಿಯ ಬೆರಳಿನಿಂದ ಶುರುವಾಗುತ್ತದೆ. ಬೊಮ್ಮನಹಳ್ಳಿ ಅಕ್ಕ, ಅವಳದೊಂದು ಪ್ರಶ್ನೆ: ಆಮೇಲೆ ಆ ದುಡ್ಡು ನಿಮ್ಮ ಕೈಗೆ ಬಂತೇ?

ಬೊಮ್ಮನಹಳ್ಳಿ ಟೈಲರ್:
ಬಂತು ಕಣಮ್ಮ. 2018ರಲ್ಲಿ ಕೆಲಸ ಬಿಟ್ಟು ತೆಗೆದೆ. ಮಗಳ ನರ್ಸಿಂಗ್ ಶುಲ್ಕಕ್ಕೆ ಹೋಯಿತು. ಈ ವಾರ ಅವಳಿಗೆ ರಾತ್ರಿ ಪಾಳಿ, ಮೊಮ್ಮಗ ನನ್ನ ಮಗ್ಗುಲಲ್ಲೇ ಮಲಗಿದ್ದಾನೆ.