ಪದಚರ್ಚೆ: ಇರಾನಿನ ‘ನೈತಿಕ ಪೊಲೀಸ’ರನ್ನು ‘ಗಸ್ತು’ ಅನ್ನಬಹುದೇ? ಜೊತೆಗೆ ಚಾದರ, ಹಿಜಾಬ್ ವಿರೋಧಿ...

ಎಲ್ಲರಿಗೂ ನಮಸ್ಕಾರ.

ಇರಾನಿನ ಹೆಂಗಸರ ಹೋರಾಟದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಪೆನ್ನು ನಿಲ್ಲುತ್ತಿದೆ. ಜಾಸ್ತಿ ತಲೆ ತಿನ್ನುತ್ತಿರುವುದು ‘ನೈತಿಕ ಪೊಲೀಸ್’.

2022ರ ಸೆಪ್ಟೆಂಬರ್ 13ರಂದು ಟೆಹ್ರಾನಿನಲ್ಲಿ ಮಹ್ಸಾ ಜೀನಾ ಅಮೀನಿ ಎಂಬ 22 ವರ್ಷದ ಕುರ್ದಿ ಜನಾಂಗದ ಹುಡುಗಿಯನ್ನು, ತಲೆವಸ್ತ್ರ ಸರಿಯಾಗಿಲ್ಲ ಅಂತ ಹಿಡಿದುಕೊಂಡು ಹೋದರು. 16ರಂದು ಆಕೆ ತೀರಿಹೋದಳು. ಹಿಡಿದವರನ್ನು ನಮ್ಮ ಪತ್ರಿಕೆಗಳು ‘ನೈತಿಕ ಪೊಲೀಸರು’ ಅಂತ ಬರೆದವು. ಆದರೆ ಕನ್ನಡದಲ್ಲಿ ‘ನೈತಿಕ ಪೊಲೀಸ್‌ಗಿರಿ’ ಅಂದಕೂಡಲೇ ಕರಾವಳಿ ನೆನಪಾಗುತ್ತದೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಜೊತೆಗಿದ್ದಾರೆ ಅಂತ ಅಡ್ಡಹಾಕಿ ಹೊಡೆಯುವ ಗುಂಪು ಕಣ್ಣಮುಂದೆ ಬರುತ್ತದೆ. ಅವರ ಮೇಲೆ ಕೇಸು ಹಾಕುವವರು ಪೊಲೀಸರು. ಇರಾನಿನಲ್ಲಿ ಹಿಡಿದವರೇ ಪೊಲೀಸರು. ಸರ್ಕಾರದ ಸಂಬಳ, ಸರ್ಕಾರದ ವ್ಯಾನು, ಹಿಂದೆ ಕಾನೂನಿನ ಬಲ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಆ ಸರ್ಕಾರದ ಕೈ ಕಾಣುವುದೇ ಇಲ್ಲ, ಅಲ್ವಾ?

ಇರಾನಿಗರು ಈ ಪಡೆಯನ್ನು ‘ಗಶ್ತ್-ಎ-ಇರ್ಶಾದ್’ ಅನ್ನುತ್ತಾರೆ. ಇರ್ಶಾದ್ ಅಂದರೆ ದಾರಿ ತೋರಿಸುವುದು, ಬುದ್ಧಿ ಹೇಳುವುದು. ಗಶ್ತ್ ಅಂದರೆ ನಮ್ಮ ಗಸ್ತು! ಫಾರ್ಸಿಯಲ್ಲಿ ‘ಗಶ್ತನ್’ ಅಂದರೆ ತಿರುಗುವುದು. ನಾವು ‘ಗಸ್ತು ತಿರುಗುವುದು’ ಅನ್ನುವಾಗ ತಿರುಗುವುದನ್ನು ಎರಡು ಸಲ ಹೇಳುತ್ತಿದ್ದೇವೆ. ಹಾಗಾಗಿ ‘ಇರ್ಶಾದ್ ಗಸ್ತು’ ಅಥವಾ ‘ಬುದ್ಧಿಮಾತಿನ ಗಸ್ತು’ ಅಂತ ಬರೆಯಬಹುದು ಅನ್ನಿಸುತ್ತದೆ. ಎರಡನೆಯದರಲ್ಲಿ ಸ್ವಲ್ಪ ವ್ಯಂಗ್ಯ ಇಣುಕುತ್ತದೆ. ಹಿಡಿದು ವ್ಯಾನಿಗೆ ತುಂಬುವವರು ಇಟ್ಟುಕೊಂಡ ಹೆಸರೇ ಅಂಥದ್ದು, ನಾನೇನು ಮಾಡಲಿ?

ಎರಡನೆಯ ಪದ ‘ಚಾದರ’. ನಮ್ಮಲ್ಲಿ ಚಾದರ ಅಂದರೆ ಹಾಸಿಗೆ ಮೇಲೆ ಹಾಸುವುದು, ಚಳಿಗೆ ಹೊದೆಯುವುದು, ದರ್ಗಾದಲ್ಲಿ ಗೋರಿಗೆ ಹೊದಿಸುವುದು. ‘ಚಾದರ ಹೊದ್ದ ಮಹಿಳೆಯರು ಮೆರವಣಿಗೆ ಹೊರಟರು’ ಅಂತ ಬರೆದರೆ ಪಾಪ ಚಳಿಯಾಗಿರಬೇಕು ಅಂದುಕೊಳ್ಳುತ್ತಾರೆ. ಹಾಗಂತ ‘ಬುರ್ಖಾ’ ಅನ್ನಲಿಕ್ಕೂ ಆಗುವುದಿಲ್ಲ. ಇರಾನಿನ ಚಾದರ ಅರ್ಧಚಂದ್ರಾಕಾರದ ದೊಡ್ಡ ಬಟ್ಟೆ. ತಲೆ ಮೇಲಿಂದ ಪಾದದವರೆಗೆ ಇಳಿಬಿಡುತ್ತಾರೆ. ಮಾಮೂಲಿ ಚಾದರಕ್ಕೆ ತೋಳಿಲ್ಲ, ಗುಂಡಿಯಿಲ್ಲ. ಗಲ್ಲದ ಕೆಳಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಕೈಯಲ್ಲಿ ಸಾಮಾನೋ ಮಗುವೋ ಇದ್ದರೆ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ. ಮುಖ ತೆರೆದೇ ಇರುತ್ತದೆ. ಹೊರಗೆ ಹೋಗಲಿಕ್ಕೆ ಕಪ್ಪು, ಮನೆಯಲ್ಲಿ ನಮಾಜಿಗೆ ತಿಳಿಬಣ್ಣದ, ಹೂವಿನ ಚಾದರ. ತಲೆಗಷ್ಟೇ ಕಟ್ಟುವ ಬಟ್ಟೆಯ ಹೆಸರು ಬೇರೆ, ‘ರೂಸರಿ’. ಅದಕ್ಕೆ ‘ತಲೆವಸ್ತ್ರ’ ಸಾಕು.

ಮೂರನೆಯದು ‘ಹಿಜಾಬ್ ವಿರೋಧಿ ಹೋರಾಟ’. ಈ ಮಾತು ನನಗೆ ಸ್ವಲ್ಪವೂ ಒಗ್ಗುತ್ತಿಲ್ಲ. ಇರಾನಿನಲ್ಲಿ ಸರ್ಕಾರ ಎರಡೂ ಕಡೆಯಿಂದ ಬಟ್ಟೆಗೆ ಕೈಹಾಕಿದೆ. 1936ರ ಜನವರಿಯಲ್ಲಿ ಆಗಿನ ದೊರೆ ರೆಜಾ ಶಾ ಹೆಂಗಸರು ಚಾದರ ತೆಗೆಯಲೇಬೇಕು ಅಂತ ಹುಕುಂ ಹೊರಡಿಸಿದ. ಪೊಲೀಸರು ಬೀದಿಯಲ್ಲೇ ಎಳೆದು ಕಿತ್ತದ್ದುಂಟು. ಮಾನಕ್ಕೆ ಅಂಜಿ ಮನೆ ಬಿಟ್ಟು ಹೊರಬರುವುದನ್ನೇ ನಿಲ್ಲಿಸಿದವರೂ ಇದ್ದರು. 1979ರ ಕ್ರಾಂತಿ ಆದಮೇಲೆ ಗಾಳಿ ತಿರುಗಿತು. ಕಚೇರಿಗೆ ಬರುವ ಹೆಂಗಸರು ಹಿಜಾಬ್ ಹಾಕಬೇಕು ಅಂತ ಕ್ರಾಂತಿಯ ನಾಯಕ ಖೊಮೇನಿ ಹೇಳಿದ ಮಾರನೇ ದಿನವೇ, ಮಾರ್ಚ್ 8ರಂದು, ಸಾವಿರಾರು ಹೆಂಗಸರು ಟೆಹ್ರಾನಿನ ಬೀದಿಗಿಳಿದರು. ‘ಹಿಂದಕ್ಕೆ ಹೋಗಲಿಕ್ಕೆ ನಾವು ಕ್ರಾಂತಿ ಮಾಡಲಿಲ್ಲ’ ಅನ್ನುವುದು ಅವರ ಕೂಗು. ಆದರೂ 1983ರ ಹೊತ್ತಿಗೆ ಹಿಜಾಬ್ ಇಲ್ಲದೆ ಸಿಕ್ಕಿದರೆ 74 ಛಡಿ ಏಟು ಅಂತ ಕಾನೂನೇ ಬಂತು. ಅವರ ತಕರಾರು ಬಲವಂತದ ಮೇಲೆ. ಚಾದರ ಹಾಕುವ ಹೆಂಗಸರಲ್ಲೂ ಈ ಕಾನೂನು ಬೇಡ ಅನ್ನುವವರಿದ್ದಾರೆ. ಹಾಗಾಗಿ ‘ಕಡ್ಡಾಯ ಹಿಜಾಬ್ ವಿರೋಧಿ’ ಅಂತ ಪೂರ್ತಿ ಬರೆಯುವುದೇ ವಾಸಿ. ಉದ್ದವಾದರೂ ಪರವಾಗಿಲ್ಲ. 2022ರಲ್ಲೇ ನಮ್ಮ ಕಾಲೇಜು ಗೇಟುಗಳ ಹತ್ತಿರ ಹಿಜಾಬ್ ಹೆಸರಲ್ಲಿ ಏನೇನಾಯಿತು ಅಂತ ಗೊತ್ತಲ್ಲ, ‘ಹಿಜಾಬ್ ವಿರೋಧಿ’ ಅಂತಷ್ಟೇ ಬರೆದರೆ ಓದುಗರು ಎಲ್ಲಿಗೋ ಹೋಗಿಬಿಡುತ್ತಾರೆ.

ಕೊನೆಗೆ ಈ ಹೋರಾಟದ ಘೋಷಣೆ. ಕುರ್ದಿಯಲ್ಲಿ ‘ಜಿನ್, ಜಿಯಾನ್, ಆಜಾದಿ’. ಹುಟ್ಟೂರು ಸಕೇಜ್‌ನಲ್ಲಿ ಮಹ್ಸಾ ಜೀನಾಳನ್ನು ಮಣ್ಣು ಮಾಡುವಾಗಲೂ ಇದೇ ಕೂಗು. ಫಾರ್ಸಿಯಲ್ಲಿ ‘ಜನ್, ಜಿಂದಗೀ, ಆಜಾದೀ’ ಆಯಿತು. ಈ ‘ಜನ್’ ನಮ್ಮ ‘ಜನಾನ’ದಲ್ಲಿದೆ, ‘ಜಿಂದಗೀ’ಯ ನೆಂಟ ನಮ್ಮ ಮೆರವಣಿಗೆಯ ‘ಜಿಂದಾಬಾದ್’ನಲ್ಲಿದೆ. ಕನ್ನಡಕ್ಕೆ ‘ಮಹಿಳೆ, ಜೀವನ, ಸ್ವಾತಂತ್ರ್ಯ’ ಅಂತ ಮಾಡುತ್ತಾರೆ. ಅರ್ಥಕ್ಕೆ ಅಡ್ಡಿಯಿಲ್ಲ. ಆದರೆ ಕೂಗಿ ನೋಡಿ, ‘ಸ್ವಾತಂತ್ರ್ಯ’ದ ಹತ್ತಿರ ನಾಲಿಗೆ ಎಡವುತ್ತದೆ. ‘ಹೆಣ್ಣು, ಬಾಳು, ಬಿಡುಗಡೆ’ ನನಗೆ ಹಿಡಿಸಿತು. ಗೆಳತಿಯೊಬ್ಬಳು ಮಾತ್ರ ‘ಬಿಡುಗಡೆ ಅಂದರೆ ಸಿನಿಮಾ ಬಿಡುಗಡೆ ಅನ್ನಿಸುತ್ತೆ ಕಣೇ’ ಅಂತ ನಕ್ಕಳು.

ನಿಮ್ಮ ಅಭಿಪ್ರಾಯ ಬೇಕು. ‘ಇರ್ಶಾದ್ ಗಸ್ತು’ ಅಂದರೆ ಒಂದು ಸಾಲಿನ ವಿವರಣೆ ಕೊಟ್ಟ ಮೇಲಾದರೂ ಓದುಗರಿಗೆ ತಿಳಿಯುತ್ತದೆಯೇ? ಬೀದರ, ಕಲಬುರಗಿ ಕಡೆಯವರಿಗೆ ಇನ್ನೊಂದು ಪ್ರಶ್ನೆ: ತೋಳಿಲ್ಲದ, ಮೈಪೂರ್ತಿ ಇಳಿಬೀಳುವ ಇಂಥ ಹೊದಿಕೆಗೆ ನಿಮ್ಮ ಮನೆಮಾತಿನಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.